ಒಂದು ಸೀನಿಗೆ ಹಾರಿದ ಲೋಹ

ಬ್ಯಾಡಗಿಯಿಂದ ಬಂದ ಪಾರ್ಸೆಲ್ಲಿನ ಹೊಲಿಗೆ ಬಿಚ್ಚುತ್ತಿದ್ದಂತೆ ಮನೆಯೆಲ್ಲ ಮೆಣಸಿನಕಾಯಿಯ ಘಮ. ನನ್ನ ಅವ್ವನ ತಂಗಿ ಚಿಗವ್ವ ಪ್ರತಿ ಜನವರಿಯಲ್ಲಿ ಕಳಿಸುವ ಖಾರದ ಪುಡಿ ಅದು, ಹೊಸತೇನಲ್ಲ. ಆದರೆ ಈ ಸಲ ಪುಡಿಯ ಪಕ್ಕದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಭಾರದ ಗಂಟೊಂದಿತ್ತು. ಬಿಚ್ಚಿದರೆ ಅವಳ ಗಿರಣಿಯ ಅಯಸ್ಕಾಂತ! ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ನೀವೂ ಕುಳಿತುಕೊಳ್ಳಿ. ಇದರ ಮುಂದೆ ನನ್ನ ಮಾನ ಹೋದ ಕತೆಯನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ಹಾವೇರಿಯಲ್ಲಿ ಹುಟ್ಟಿ ಬೆಳೆದ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ಪಾಲಿಗೆ ಬಂದದ್ದು ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್, ಇಂಡಿಯಂ ಸೇರಿಸಿ ಕರಗಿಸಿದ ಒಂದು ಮಿಶ್ರಲೋಹ. ಬೆಚ್ಚಗಿದ್ದರೆ ಬಲು ಸಾಧು: ಅಯಸ್ಕಾಂತ ಕಂಡರೆ ಓಡಿಬಂದು ಅಂಟುತ್ತದೆ, ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುತ್ತದೆ. ಚಳಿ ತಗಲಿತೋ, ಒಳಗಿನ ಜೋಡಣೆಯನ್ನೇ ಬದಲಿಸಿಕೊಂಡು ಅಯಸ್ಕಾಂತಕ್ಕೆ ಮುಖ ತಿರುಗಿಸುತ್ತದೆ, ವಿದ್ಯುತ್ತಿಗೂ ಅಡ್ಡ ನಿಲ್ಲುತ್ತದೆ. ಮತ್ತೆ ಬಿಸಿ ಮುಟ್ಟಿಸಿದರೆ ಹಳೆಯ ರೂಪಕ್ಕೆ ಮರಳುತ್ತದೆ. ಇನ್ನು ಎಲ್ಲ ಕಡೆಯಿಂದ ಬಲವಾಗಿ ಒತ್ತಿದರೆ ಅಷ್ಟು ಚಳಿಯೂ ಬೇಕಿಲ್ಲ, ತುಸು ತಣ್ಣಗಾದರೆ ಸಾಕು, ಮೊಂಡಾಟ ಶುರು. ಎಷ್ಟು ಒತ್ತಿದರೆ ಎಷ್ಟು ಮೊಂಡಾಟ ಎಂದು ಅಳೆಯುವುದೇ ನನ್ನ ಸಂಶೋಧನೆ.

ಜೋಳದ ಕಾಳಿನಷ್ಟು ಚೂರಿಗೆ ಕೂದಲಿನಂಥ ನಾಲ್ಕು ತಂತಿ ಅಂಟಿಸಿ, ಎಣ್ಣೆ ತುಂಬಿದ ದಪ್ಪ ಕೊಳವೆಯೊಳಗಿಟ್ಟು, ಬೋಲ್ಟು ತಿರುವಿ ಒತ್ತಬೇಕು. ಹೀಗೆ ಒತ್ತಿ ಒತ್ತಿ ಎರಡು ಚೂರುಗಳನ್ನು ಪುಡಿ ಮಾಡಿದ್ದೆ. ಉಳಿದಿದ್ದು ಒಂದೇ. ಹೊಸದು ಬರಲು ವರ್ಷ ಕಾಯಬೇಕಿತ್ತು. ನನಗಿದ್ದ ಅವಧಿ ಆರೇ ತಿಂಗಳು. ಆ ಕೊನೆಯ ಚೂರನ್ನು ಒಳಗಿಟ್ಟುಕೊಂಡು ಕೊಳವೆಯ ಬೋಲ್ಟು ಕಚ್ಚಿಕೊಂಡಿತು. ಯಾರು ತಿರುವಿದರೂ ಅಲುಗಲಿಲ್ಲ.

ಆಗ ನೆನಪಾದವಳು ಚಿಗವ್ವ. ಬ್ಯಾಡಗಿಯಲ್ಲಿ ಖಾರದ ಪುಡಿಯ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದವಳು. ಗಿರಣಿಯ ರಿಪೇರಿ ಮಾಡುವ ರಾಣೆಬೆನ್ನೂರಿನ ಲೇತ್ ಮೇಸ್ತ್ರಿಯ ಬಳಿ ನನ್ನನ್ನು ಕಳಿಸಿದಳು. ಆತ ಅರ್ಧ ದಿನ ಬೆವರು ಸುರಿಸಿದ.

"ಇಷ್ಟ ಬಿಗಿ ಮಾಡಿ ಒಳಗ ಏನಿಟ್ಟೀರಿ ಅಕ್ಕಾರ, ಬಂಗಾರೇನು?"

ಕೊನೆಗೆ ಹೊರಬಿದ್ದ ಕರಿ ಚೂರನ್ನು ಕಂಡು ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು, ಚಹಾ ತರಿಸಿದ. ನಾನು ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಬ್ಯಾಡಗಿಗೆ ಬಂದು ಚಿಗವ್ವನ ಮನೆಯಲ್ಲಿ ಉಳಿದೆ.

ಮರುದಿನ ಬೆಳಿಗ್ಗೆ ಹಲ್ಲು ಕಟಕಟಿಸುವ ಚಳಿ. ಗಿರಣಿಯ ಮುಂದೆ ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಚಿಗವ್ವ ಬಾಗಿಲಲ್ಲಿ ನಿಂತು, "ತೋರ್ಸು ನೋಡೂಣು ನಿನ್ನ ಲೋಹಾನ," ಎಂದಳು. ಪೊಟ್ಟಣ ಬಿಚ್ಚಿ ಹಿಡಿದೆ.

"ಇದನ್ನ ಒತ್ತಿದ್ರ ಏನಾಗತೈತಿ?"

"ಕರೆಂಟಿಗೆ ಅಡ್ಡ ನಿಲ್ಲತೈತಿ, ಚಿಗವ್ವ."

"ಅದನ್ನ ನೋಡಾಕ ಮೂರು ವರ್ಷ ಬೇಕೇನು?"

ತಕ್ಕ ಉತ್ತರ ಕೊಡಬೇಕೆಂದು ಉದ್ದಕ್ಕೆ ಉಸಿರೆಳೆದುಕೊಂಡೆ. ಖಾರದ ಗಿರಣಿಯ ಬಾಗಿಲಲ್ಲಿ ಯಾರೂ ಮಾಡಬಾರದ ಕೆಲಸ. ಸೀನಿದೆ. ಕಣ್ಣು ಬಿಟ್ಟು ನೋಡಿದರೆ ಕೈಯಲ್ಲಿ ಬರೀ ಕಾಗದ. ನನ್ನ ಪಿಎಚ್‌ಡಿ ಮೆಣಸಿನಕಾಯಿಯೊಳಗೆ ಬಿದ್ದಿತ್ತು.

"ಅಯ್ಯ, ನಮ್ಮ ಬ್ಯಾಡಗಿ ಕಾಯಿ ಬರೇ ಬಣ್ಣದ್ದು, ಖಾರ ಎಲ್ಲೈತಿ? ಅದಕ್ಕೂ ಸೀನ್ತಾರೇನು? ಧಾರವಾಡದ ನೀರು ನಿನ್ನ ಮೂಗಿಗೂ ಹತ್ತೇತಿ ನೋಡು!"

ನಾನಾಗಲೇ ಮಂಡಿಯೂರಿ ಹುಡುಕುತ್ತಿದ್ದೆ. ಅವಳು ಒಳಗೆ ಹೋಗಿ ಈ ಅಯಸ್ಕಾಂತವನ್ನು ತಂದಳು. ಕಾಯಿಯ ಜೊತೆ ಬರುವ ಮೊಳೆಗಿಳೆಗಳನ್ನು ಹಿಡಿಯಲು ಗಿರಣಿಯ ಬಾಯಲ್ಲಿ ಇಡುತ್ತಿದ್ದದ್ದು. ಅಯಸ್ಕಾಂತಗಳ ನಡುವೆಯೇ ಮೂರು ವರ್ಷ ಕಳೆದ ನನಗೆ ಇದು ಹೊಳೆದೇ ಇರಲಿಲ್ಲ! ಕಸಿದುಕೊಂಡು ಅಂಗಳವನ್ನೆಲ್ಲ ಮೂರು ಸಲ ಆಡಿಸಿದೆ. ಎರಡು ಮೊಳೆ ಸಿಕ್ಕವು, ಗುಂಡುಪಿನ್ನು ಸಿಕ್ಕಿತು, ಯಾರದೋ ರವಿಕೆಯ ಹುಕ್ಕು ಸಿಕ್ಕಿತು. ಚೂರು ಸಿಗಲಿಲ್ಲ. ಮೆಣಸಿನಕಾಯಿಯ ಮಧ್ಯೆ ಕುಳಿತು ಗೊಳೋ ಎಂದು ಅತ್ತೆ.

"ಸುಮ್ಮ ಕುಂದ್ರು. ಇಬ್ಬನಿಗೆ ಬೀಜ ಎಲ್ಲಾ ಮೆತ್ತಿಕೊಂಡಾವು. ಬಿಸಲೇರ್ಲಿ, ತಾವ ಉದುರ್ತಾವು. ಬಾ, ರೊಟ್ಟಿ ತಿನ್ನು."

ಮಧ್ಯಾಹ್ನ ಚಿಗವ್ವ ತಾನೇ ಹೋಗಿ ಅಯಸ್ಕಾಂತ ಆಡಿಸಿದಳು. ಟಕ್ ಎಂದು ಚೂರು ಬಂದು ಅಂಟಿತು.

ಆಗ ನನಗೆ ಹೊಳೆಯಿತು. ಬೆಳಿಗ್ಗೆಯೂ ಚೂರು ಅಲ್ಲೇ ಇತ್ತು. ಚಳಿಗೆ ಅಯಸ್ಕಾಂತವನ್ನು ಮರೆತು ಮಲಗಿತ್ತು. ಬಿಸಿಲು ಬಿದ್ದ ಮೇಲೆ ಎದ್ದಿತ್ತು. ನಾನು ಈ ಭೌತಶಾಸ್ತ್ರವನ್ನೆಲ್ಲ ಹುರುಪಿನಿಂದ ವಿವರಿಸಿದೆ. ಚಿಗವ್ವ ಪೂರ್ತಿ ಕೇಳಿದಳು.

"ಅಂದ್ರ ಇದು ಮುಂಜಾನೆನ ನಿನಗ ಗೊತ್ತಿತ್ತು?"

"ಗೊತ್ತಿತ್ತು... ಹೊಳೀಲಿಲ್ಲ."

"ಮತ್ತ ಅಷ್ಟೊತ್ತು ಅತ್ತದ್ದು ಯಾಕ?" ಎಂದವಳು, ನಗು ತಡೆಯಲಾರದೆ ಅಯಸ್ಕಾಂತವನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಚೂರು ಕೊನೆಯ ಒತ್ತಡವನ್ನೂ ತಾಳಿಕೊಂಡಿತು. ಪಿಎಚ್‌ಡಿ ಆಯಿತು. ಪ್ರಬಂಧದ ಮೊದಲ ಪುಟದಲ್ಲಿ ಗುರುಗಳನ್ನು ನೆನೆದೆ, ಗ್ರಂಥಾಲಯವನ್ನು ನೆನೆದೆ, ಮೇಸ್ತ್ರಿಯನ್ನೂ ನೆನೆದೆ. ಚಿಗವ್ವನ ಹೆಸರು ಹಾಕಲಿಲ್ಲ. ಹಾಕಿದರೆ ಏಕೆಂದು ಕೇಳುತ್ತಾರೆ, ಸೀನಿದ್ದು ಹೊರಬೀಳುತ್ತದೆ. ಒಂದು ಪ್ರತಿಯನ್ನು ಅವಳಿಗೆ ಕೊಟ್ಟೆ. ಇಂಗ್ಲಿಷಿನಲ್ಲಿ ತನ್ನ ಹೆಸರನ್ನಷ್ಟೇ ಓದಬಲ್ಲವಳು, ಆ ಪುಟದ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಬಂದಳು. ಆಮೇಲೆ "ಛಲೋ ದಪ್ಪ ಐತಿ," ಎಂದು ಮುಚ್ಚಿ ಗೂಡಿನಲ್ಲಿಟ್ಟಳು.

ಈಗ ಗಿರಣಿಗೆ ಹೊಸ ಯಂತ್ರ ಬಂದಿದೆಯಂತೆ. ಅದಕ್ಕೇ ಹಳೆಯ ಅಯಸ್ಕಾಂತ ನನ್ನ ಪಾಲಿಗೆ. ಕಪಾಟಿನ ಡಬ್ಬಿಯಿಂದ ಆ ಚೂರನ್ನು ತೆಗೆದು ಹತ್ತಿರ ಹಿಡಿದೆ. ಚಳಿಗೆ ಅದು ಕದಲಲಿಲ್ಲ. ಈ ಸಲ ಅಳಲಿಲ್ಲ. ಮುಷ್ಟಿಯೊಳಗೆ ಬಿಗಿಹಿಡಿದು ಬೆಚ್ಚಗೆ ಮಾಡಿದೆ, ಮತ್ತೆ ಹಿಡಿದೆ. ಟಕ್.

ಚಿಗವ್ವನಿಗೆ ಫೋನ್ ಮಾಡಿದೆ.

"ಚಿಗವ್ವ, ಆ ಪುಸ್ತಕದಾಗ ನಿನ್ನ ಹೆಸರು ಇರಬೇಕಿತ್ತು. ನಾನು ಹಾಕಲಿಲ್ಲ."

ಸೊರ್ರೆಂದು ಮೂಗೆಳೆದುಕೊಂಡೆ.

"ಅಳಾಕತ್ತೀಯೇನು?"

"ಇಲ್ಲ ಚಿಗವ್ವ, ಖಾರದ ಪುಡಿ ಬಿಚ್ಚಿದ್ದೆ. ಘಾಟು."

"ಸುಳ್ಳ ಹೇಳಬ್ಯಾಡ," ಎಂದಳು. "ಅದು ಬರೇ ಬಣ್ಣದ್ದು."