ಮೂಗಿಗೆ ಸಿಕ್ಕದ ಮದ್ದು

ಕನ್ನಡಕ್ಕೆ ಮಲಯಾಳ ಬೆರೆಯುವ ಗಡಿಯೂರು ಕಲ್ಲೂರಿನ ಬಸವಯ್ಯನವರ ಹೋಂಸ್ಟೇಯಲ್ಲಿ ಈಜುಕೊಳ ಕಾಯುವ ಕೆಂಪಿಗೆ ಈಜು ಬರುವುದಿಲ್ಲ. ಬರುವುದು ಕೋಪ. ಕಾಡಂಚಿನ ಹಾಡಿಯಲ್ಲಿ ಹುಟ್ಟಿ, ಮೂವತ್ತು ವರ್ಷ ಇದೇ ಬಸವಯ್ಯನವರ ಮೆಣಸಿನ ತೋಟದಲ್ಲಿ ಮದ್ದು ಕಲಸಿದ ಹೆಂಗಸು ಆಕೆ. ಮೆಣಸು ಒಣಗಿಸುವ ಕಣ ಅಗೆದು ಕೊಳ ಕಟ್ಟಿದವರು ಮೂರು ದಿನ ನಿಂತು ನೀರಿನ ಪಾಠ ಹೇಳಿದರು. ಬಸವಯ್ಯನವರಿಗೆ ಮೊದಲ ದಿನವೇ ನಿದ್ದೆ ಬಂತು. ಕೆಂಪಿ ಮೂರೂ ದಿನ ಕೇಳಿದಳು. ಅಂದಿನಿಂದ ಉದ್ದ ಕೋಲಿನ ಬ್ರಷ್ಷೇ ಅವಳ ಈಟಿ, ನೀರು ಪರೀಕ್ಷಿಸುವ ಎರಡು ಗಾಜಿನ ಕೊಳವೆಗಳೇ ಮಂತ್ರಿಗಳು, ಪಾಚಿಯೇ ಶತ್ರುಸೈನ್ಯ.

ಎರಡು ವರ್ಷ ಆ ಸೈನ್ಯ ಒಂದು ಮೆಟ್ಟಿಲನ್ನೂ ಗೆಲ್ಲಲಿಲ್ಲ. ಕಳೆದ ವಾರ ಮಾತ್ರ ಅರಮನೆಯೊಳಗಿಂದಲೇ ದ್ರೋಹವಾಯಿತು.

ಶನಿವಾರ, ಕ್ಲೋರಿನ್ ವಾಸನೆಗೆ ಕಣ್ಣು ಉರಿಯುತ್ತಿದೆ ಎಂದು ಅತಿಥಿಯೊಬ್ಬರು ಕೂಗಾಡಿದರು. ಅಂದು ನೀರಿಗಿಳಿದವರೆಲ್ಲ ಬೆವರು, ಎಣ್ಣೆ, ಹೇಳಬಾರದ ಇನ್ನೊಂದನ್ನೂ ಅಲ್ಲೇ ಬಿಟ್ಟಿದ್ದರು. ಆ ಕೊಳೆಯೊಡನೆ ಸೆಣಸಿ ಸೋತ ಕ್ಲೋರಿನ್ನೇ ಹಾಗೆ ನಾರುವುದು, ಇನ್ನಷ್ಟು ಹಾಕಬೇಕಿತ್ತು. ಘಾಟು ಹೆಚ್ಚಿದರೆ ಮದ್ದು ಹೆಚ್ಚು ಎಂದೇ ನಂಬಿದ ಬಸವಯ್ಯನವರು, ಭಾನುವಾರ ಕೆಂಪಿ ರಜೆಯಲ್ಲಿದ್ದಾಗ ಕ್ಲೋರಿನ್ ನಿಲ್ಲಿಸಿ, ಉರಿ ತಣಿಯಲೆಂದು ಒಂದು ಬುಟ್ಟಿ ಸುಣ್ಣ ಸುರಿದರು.

ಸೋಮವಾರ ಕೊಳ ಅಕ್ಕಿ ತೊಳೆದ ನೀರಿನಂತಿತ್ತು. ಸಂಜೆ ನಾಲ್ಕಕ್ಕೆ ಶಾಲೆಯ ಮಕ್ಕಳ ಬಸ್ಸು ಬರುವುದಿತ್ತು.

"ಎಲ್ಲ ನಿನ್ನ ವಿಷದಿಂದ!" ಬಸವಯ್ಯ ಗುಡುಗಿದರು. "ಇನ್ನೊಬ್ರು ಕಣ್ಣುಜ್ಜಿದ್ರೆ ನಿಂಗಿಲ್ಲಿ ಪಣಿ ಇಲ್ಲ. ವಾಪಸ್ ಮೆಣಸು ಕುಯ್ಯೋಕೆ ಹೋಗು."

ಕೆಂಪಿ ಬ್ರಷ್ಷನ್ನು ಕೊಳದ ಗೇಟಿಗೆ ಅಡ್ಡ ಹಿಡಿದಳು. "ಮುದಲಾಳಿ, ತೋಟಕ್ಕೆ ಮೈಲುತುತ್ತ, ಸುಣ್ಣ ಕಲಸ್ತಿದ್ವಲ್ಲ, ಹದ ಆಯ್ತಾ ಅಂತ ಮೂಸಿ ನೋಡ್ತಿದ್ರಾ?"

"ಮೂಸೋಕೆ ನಂಗೇನು ಹುಚ್ಚಾ? ಕತ್ತಿ ಅದ್ದಿ ನೋಡ್ತಿದ್ದೆ. ಕತ್ತಿ ಕೆಂಪಗಾದ್ರೆ ಸುಣ್ಣ ಸಾಲದು ಅಂತ."

"ಪಿನ್ನೆ ಇಲ್ಲಿ ಯಾಕೆ ಮೂಗು? ನಿಮ್ಮ ಮೂಗೇನು ಕೃಷಿಭವನದವ್ರು ಪರೀಕ್ಷೆ ಮಾಡೋಕೆ ಕೊಟ್ಟಿದ್ದಾ?"

ಅವಳು ಎರಡೂ ಕೊಳವೆಗಳಿಗೆ ನೀರು ತುಂಬಿ, ಬಣ್ಣ ತೋರಿಸುವ ಮದ್ದು ಹಾಕಿ, ಅವರ ಮುಖಕ್ಕೇ ಹಿಡಿದಳು. "ಕ್ಲೋರಿನ್ ಇದ್ರೆ ಇದು ಗುಲಾಬಿ ಆಗ್ಬೇಕು. ಆಯ್ತಾ? ಬಣ್ಣವೇ ಇಲ್ಲ. ಈ ಇನ್ನೊಂದು ಹುಳಿ-ಸುಣ್ಣದ ಹದ ಹೇಳೋದು. ಕಿತ್ತಳೆಗೆ ನಿಲ್ಬೇಕಾದ್ದು ನೇರಳೆಗೆ ಓಡಿದೆ, ನಿಮ್ಮ ಬುಟ್ಟಿಯಿಂದ. ಇಷ್ಟು ಸುಣ್ಣದಲ್ಲಿ ಕ್ಲೋರಿನ್ ಹಾಕಿದ್ರೂ ಕೆಲಸ ಮಾಡಲ್ಲ. ಮೊದ್ಲು ಪಂಪು ಓಡಿಸಿ, ಸ್ವಲ್ಪ ಸ್ವಲ್ಪ ಆಸಿಡ್. ಅದು ಹದಕ್ಕೆ ಬಂದು, ಬಿಸಿಲಿಳಿದ ಮೇಲೆ ಕ್ಲೋರಿನ್. ಎರಡೂ ಒಟ್ಟಿಗೆ ಸೇರಿಸಿದ್ರೆ ವಿಷದ ಹೊಗೆ, ನಾವಿಬ್ರೂ ಒಟ್ಟಿಗೇ ಮೇಲೆ ಹೋಗೋದು."

"ಬಸ್ಸು ಬರ್ತದಲ್ಲೇ! ಮಕ್ಕಳಿಗೆ ಏನ್ ಹೇಳ್ಲಿ?"

"ಸುಣ್ಣ ಹಾಕಿದವ್ರು ಹೇಳ್ಲಿ."

ಬಸವಯ್ಯನವರು ಕೊಳವೆಗಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಮೂವತ್ತು ವರ್ಷ ಕತ್ತಿಯ ಬಣ್ಣ ನಂಬಿದವರಿಗೆ ಗಾಜಿನ ಬಣ್ಣವನ್ನು ಅಲ್ಲಗಳೆಯುವುದು ಹೇಗೆ? ನಾಲ್ಕಕ್ಕೆ ತಾವೇ ಬಸ್ಸಿನ ಬಾಗಿಲಲ್ಲಿ ನಿಂತು, ಟವೆಲ್ ಹೊದ್ದ ಐವತ್ತು ಮಕ್ಕಳ ಶಾಪವನ್ನು ತಲೆಬಾಗಿ ಉಂಡರು.

ಬುಧವಾರ ಬೆಳಿಗ್ಗೆ ಕೊಳದ ತಳದ ಟೈಲುಗಳನ್ನು ಎಣಿಸಬಹುದಿತ್ತು. ಒಂದು ಕೊಳವೆ ಗುಲಾಬಿ, ಇನ್ನೊಂದು ಕಿತ್ತಳೆ. ಬಸವಯ್ಯನವರು ಅಂಚಿನಲ್ಲಿ ಮಂಡಿಯೂರಿ ಉದ್ದಕ್ಕೆ ಉಸಿರೆಳೆದರು.

"ಏ ಕೆಂಪಿ, ವಾಸನೆಯೇ ಇಲ್ವಲ್ಲ! ಮದ್ದು ಹಾಕೋಕೆ ಮರ್ತ್ಯಾ?"

ಕೆಂಪಿ ಈಟಿ ಎತ್ತಿಕೊಂಡು ಬಂದಳು. "ಏಳಿ ಮುದಲಾಳಿ. ಇಲ್ದಿದ್ರೆ ಇವತ್ತು ನಿಮ್ಮನ್ನೇ ಅದ್ದಿ ನೋಡ್ತೀನಿ."