ನಮ್ಮ ಓಣಿಯಲ್ಲಿ ನೀರಿಗೆ ಕೊರತೆಯಿಲ್ಲ

ಇಂಡಿ ಎಂಬ ಊರನ್ನು ನಗರ ಎಂದು ಕರೆದದ್ದನ್ನು ನಾನು ಮೊದಲು ನೋಡಿದ್ದು ಒಂದು ಸರಕಾರಿ ಕಾಗದದಲ್ಲಿ. ಅರವತ್ತರ ದಶಕದ ಶುರುವಿನ ಮಾತು. ನಾನು ಅಲ್ಲಿಯ ಕನ್ನಡ ಸಾಲಿಯಲ್ಲಿ ಮಾಸ್ತರನಾಗಿದ್ದೆ. ಬೇಸಿಗೆ ರಜೆಯಲ್ಲಿ ನನ್ನ ಹುಟ್ಟೂರು ಗೊಳಸಂಗಿಗೆ ಹೋಗಿ ಹಾಯಾಗಿ ಮಲಗಬೇಕೆಂದು ಲೆಕ್ಕ ಹಾಕಿದ್ದೆ. ತಾಲೂಕು ಕಚೇರಿಯಿಂದ ಕರೆ ಬಂತು. ಕಾರಕೂನರು ಕಾಗದದ ಕಟ್ಟೊಂದನ್ನು ಮೇಜಿನ ಮೇಲೆ ನೂಕಿದರು. ಮಧ್ಯಮ ಪ್ರಮಾಣದ ನಗರಗಳಲ್ಲಿ ವಾಸಿಸುವವರ ಅಭಿಪ್ರಾಯ ಎಂದು ಮೇಲೆ ಅಚ್ಚು ಹಾಕಿತ್ತು. ಕೆಳಗೆ, ಮಾಸ್ತರರು ಮನೆಮನೆಗೆ ಹೋಗಿ ಕೇಳಿ ಬರೆಯಬೇಕಾದ ಪ್ರಶ್ನೆಗಳು: ಮನೆಯಲ್ಲಿ ಎಷ್ಟು ಜನ, ದೀಪ ಯಾವುದು, ರಸ್ತೆ ಹೇಗಿದೆ, ಊರಲ್ಲಿ ನೆಮ್ಮದಿ ಇದೆಯೇ, ನೀರು ಎಲ್ಲಿಂದ ತರುತ್ತೀರಿ, ಎಷ್ಟು ದೂರ, ತರುವವರು ಯಾರು.

"ನಗರ ಅಂದ್ರ ಇದೇನ್ರಿ?" ಎಂದೆ. ನಗು ತಡೆಯಲಾಗಲಿಲ್ಲ. ಇಂಡಿಗೆ ರೈಲು ಇತ್ತು, ಆದರೆ ಅದು ಊರಿಗೆ ಬರುತ್ತಿರಲಿಲ್ಲ. ನಿಲ್ದಾಣದಲ್ಲಿ ಇಳಿದು ಮೈಲಿಗಟ್ಟಲೆ ಬರಬೇಕು. ಪೇಟೆಯಲ್ಲಿ ನಾಲ್ಕು ಚಹಾದ ಅಂಗಡಿ, ಒಂದರಲ್ಲಿ ಮಾತ್ರ ರೇಡಿಯೋ.

"ನಗಬ್ಯಾಡ್ರಿ ಮಾಸ್ತರ," ಎಂದು ಕಾರಕೂನರು ದನಿ ಇಳಿಸಿದರು. "ಪಟ್ಟಿಯೊಳಗ ಎರಡು ಊರು ಅದಾವ. ನಳಾ ಬರೂದು ಒಂದಕ್ಕ. ಯಾವೂರ ಮಂದಿ ನೀರಿನ ತ್ರಾಸು ಹೆಚ್ಚು ಅಂತ ಬರಸ್ತಾರೋ ಅವರಿಗೆ. ಅತ್ತ ಕೂಸಿಗೆ ಹಾಲು, ತಿಳೀತಿಲ್ಲೋ?"

ತಿಳಿಯಿತು. ಮೈಯೆಲ್ಲ ಕಿವಿಯಾಗಿ ಕೇಳಿದೆ. ನಮ್ಮ ಓಣಿಯ ಬಾವಿಯ ನೀರು ಸವಳು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಕೊಡುತ್ತಿರಲಿಲ್ಲ. ಸಿಹಿನೀರಿನ ಬಾವಿ ಊರ ಹೊರಗೆ, ಹೊಲದ ದಾರಿಯಲ್ಲಿ. ಅವ್ವ ಬೆಳಿಗ್ಗೆ ಎರಡು, ಸಂಜೆ ಎರಡು ಕೊಡ ಹೊತ್ತು ತರುತ್ತಿದ್ದಳು. ಆಗಲೇ ಅವಳ ಕುತ್ತಿಗೆ ಒಂದು ಕಡೆ ವಾಲಿತ್ತು. ರಾತ್ರಿ ಎಳ್ಳೆಣ್ಣೆ ತಿಕ್ಕಿಸಿಕೊಂಡು, "ಏನೂ ಆಗಿಲ್ಲ ಬಿಡಪಾ" ಅನ್ನುವಳು. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವಳು. ನನ್ನ ನೌಕರಿಯ ಸುಖ ಅಂತ ಅವಳಿಗೆ ಸಿಕ್ಕದ್ದು ಬಾಡಿಗೆಯ ಎರಡು ಖೋಲಿ ಮತ್ತು ಆ ದೂರದ ಬಾವಿ. ನಳ ಬಂದರೆ ಅವಳ ತಲೆಯ ಮೇಲಿನ ಕೊಡ ಇಳಿಯುತ್ತದೆ. ಅದೊಂದೇ ಆಸೆಯಿಂದ ನಾನು ಕಾಗದದ ಕಟ್ಟು ಬಗಲಿಗಿಟ್ಟುಕೊಂಡು ಹೊರಟೆ.

ನನ್ನ ಪಾಲಿಗೆ ಬಂದದ್ದು ನಮ್ಮ ಓಣಿ. ಮೊದಲ ಮನೆಯಲ್ಲೇ ನನಗೆ ಸಂಶಯ ಬಂತು. ನಾನು ಹುಟ್ಟಾ ಸಂಶಯದ ಮನುಷ್ಯ, ಸುಳ್ಳೇಕೆ ಹೇಳಲಿ. ಹುಡುಗರು ಹೊಟ್ಟೆನೋವು ಅಂದರೆ ನಾಲಗೆ ತೋರಿಸು ಅನ್ನುತ್ತಿದ್ದವನು. ಮನೆಯ ಯಜಮಾನ ದರ್ಜಿ. ರಸ್ತೆ ಹೇಗಿದೆ ಎಂದರೆ ಅರ್ಧ ತಾಸು ಬೈದ. ದೀಪ ಅಂದರೆ ಇನ್ನಷ್ಟು ಬೈದ. "ನಗರದಾಗ ಇರೂದು ಅಂದ್ರ ಬಾಗಲಾ ಹಾಕ್ಕೊಂಡು ಇರೂದ್ರಿ. ಹಳ್ಳ್ಯಾಗ ಕಳ್ಳ ಯಾರು ಅಂತ ಗೊತ್ತಿರತಿತ್ತು, ಇಲ್ಲಿ ಎಲ್ಲಾರೂ ಸಂಭಾವಿತರು!" ಎಂದ. ಆಹಾ, ನನಗೆ ಬೇಕಾದ ಮನುಷ್ಯ ಸಿಕ್ಕ ಎಂದು ನೀರಿನ ಪ್ರಶ್ನೆ ಕೇಳಿದೆ. ದರ್ಜಿಯ ಮುಖ ತಟ್ಟನೆ ಬದಲಾಯಿತು. ಒಳಬಾಗಿಲ ಕಡೆ ನೋಡಿದ. ಅಲ್ಲಿ ಅವನ ಹೆಂಡತಿಯ ಸೆರಗು ಅಲ್ಲಾಡಿತು.

"ನೀರಿಗೇನ್ ಕೊರತಿಲ್ರಿ. ಬಾಗಿಲದಾಗ ಐತಿ."

"ಬಾಗಿಲದಾಗ ಇರೂದು ಸವಳು ನೀರಲ್ಲೇನ್ರಿ?"

"ಚಲೋ ಐತ್ರಿ. ಬರಕೊಳ್ರಿ, ಭಾಳ ಚಲೋ ಐತಿ."

ಎರಡನೆಯ ಮನೆಯಲ್ಲಿ ಅದೇ. ಐದನೆಯದರಲ್ಲಿ ಅದೇ. ಹಲಸಂಗಿಯಿಂದ ಬಂದು ಕಿರಾಣಿ ಅಂಗಡಿ ಇಟ್ಟಿದ್ದ ಒಬ್ಬರು, "ಊರು ಬಿಟ್ಟು ಬಂದು ತಪ್ಪು ಮಾಡಿದ್ವಿ, ಇಲ್ಲಿ ಯಾರ ಮನ್ಯಾಗ ಯಾರು ಸತ್ರೂ ಕೇಳಾವ್ರಿಲ್ಲ" ಎಂದು ಕಣ್ಣಲ್ಲಿ ನೀರು ತಂದರು. ಆದರೆ ಕುಡಿಯುವ ನೀರಿನ ಮಾತು ಬಂದ ಕೂಡಲೇ ಅವರ ಬಾಯಿಂದಲೂ ಬಾಗಿಲಲ್ಲೇ ಇದೆ ಎಂಬ ಮಾತೇ ಬಂತು. ಅರೆ, ಇವರೆಲ್ಲ ಕೂಡಿ ಮಾತಾಡಿಕೊಂಡಿದ್ದಾರೆಯೇ? ಕರ ಹಾಕುತ್ತಾರೆಂದು ಹೆದರಿದರೇ? ಹಾಗಾದರೆ ದೀಪಕ್ಕೂ ರಸ್ತೆಗೂ ಯಾಕೆ ಹೆದರಲಿಲ್ಲ?

ಆಗ ನಾನೊಂದು ಕಿತಾಪತಿ ಮಾಡಿದೆ. ನಮ್ಮ ಕಡೆ ಮನೆಗೆ ಬಂದವರಿಗೆ ನೀರು ಬೆಲ್ಲ ಕೊಡುವುದು ಪದ್ಧತಿ. ಬಂದವರಿಗೆಂದೇ ಸಿಹಿನೀರು ಒಂದು ಸಣ್ಣ ತಾಮ್ರದ ಬಿಂದಿಗೆಯಲ್ಲಿ ಬೇರೆ ಇಟ್ಟಿರುತ್ತಾರೆ. ಮನೆಯವರು ಅದನ್ನು ಮುಟ್ಟುವುದಿಲ್ಲ. ನಾನು ಪ್ರತಿ ಮನೆಯಲ್ಲೂ ಮೊದಲ ತಂಬಿಗೆ ಗಟಗಟನೆ ಕುಡಿದು, "ಇನ್ನೊಂದು ತಂಬಿಗಿ ಕೊಡ್ರಿ, ಬಿಸಲು ಭಾಳ ಐತಿ" ಅನ್ನತೊಡಗಿದೆ. ಅಷ್ಟಂದರೆ ಸಾಕು, ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವರು. ಒಳಗೆ ಬಿಂದಿಗೆ ಓರೆ ಮಾಡುವ ಸದ್ದು ಕೇಳುವುದು. ಎರಡನೆಯ ತಂಬಿಗೆ ಬರುವುದು, ಅರ್ಧ ತುಂಬಿ. ಒಂದು ಮನೆಯಲ್ಲಂತೂ ಪೂರ್ತಿ ಸವಳು ನೀರೇ ಬಂತು. ನಾನು ಮುಖ ಸಿಂಡರಿಸದೆ ಕುಡಿದೆ, ಅವರೂ ಮುಖ ಸಿಂಡರಿಸದೆ ನೋಡಿದರು. ಇಬ್ಬರಿಗೂ ಗೊತ್ತು.

ಗುಟ್ಟು ಬಿಚ್ಚಿದವರು ನಮ್ಮ ಮನೆಯ ಮಾಲಕಿ. ಅವರ ಮನೆತನ ಲಿಂಬೆಹಣ್ಣಿನ ವ್ಯಾಪಾರದ್ದು, ತಲೆತಲಾಂತರದಿಂದ ಇಂಡಿಯವರೇ. ಓಣಿಯ ಸಣ್ಣವರು ದೊಡ್ಡವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ದಿನಾ ಅವ್ವನ ಜೊತೆಗೇ ಬಾವಿಗೆ ಹೋಗುವ ಹೆಂಗಸು. ಅವರೂ ಬಾಗಿಲಲ್ಲೇ ನೀರಿದೆ ಎಂದಾಗ ನನಗೆ ತಲೆ ಕೆಟ್ಟುಹೋಯಿತು.

"ಖಾಲಾ, ಮುಂಜಾನೆ ತಾನ ನೀವು ಕೊಡಾ ಹೊತ್ತುಕೊಂಡು ಬಂದದ್ದು ನಾ ನೋಡೇನಿ!"

"ನೋಡಿದ್ರ ನೋಡ್ರಿ, ಬರೀಬ್ಯಾಡ್ರಿ." ಕಟ್ಟೆಯ ಮೇಲೆ ಕೂತು ಕಾಲು ಚಾಚಿದರು. "ಈಗ ನಿಜಾ ಹೇಳ್ರಿ ಮಾಸ್ತರ. ಯಾರ ಕಡಿಯಿಂದ ಬಂದೀರಿ?"

"ಸರಕಾರದ ಕಡಿಯಿಂದ."

"ಹೋಗ್ರಿ ಅತ್ತ! ನಮ್ಮ ಮನ್ಯಾಗ ನೀರು ಹೊರಾವ್ರು ಯಾರು, ಬಾವಿ ಎಷ್ಟ ದೂರ ಐತಿ, ಇದೆಲ್ಲಾ ಸರಕಾರಕ್ಕ ಯಾಕ ಬೇಕು? ಇದನ್ನ ಕೇಳಾವ್ರು ಹೆಣ್ಣಿನವರು."

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವ ಮೊದಲು, ಗಂಡಿನ ಮನೆಯ ಓಣಿಗೆ ಗುಟ್ಟಾಗಿ ಒಬ್ಬನನ್ನು ಕಳಿಸುತ್ತಾರೆ. ಅವನು ಕಂಬಳಿ ಮಾರುವವನಂತೆ, ಎತ್ತು ಕೊಳ್ಳುವವನಂತೆ ಬಂದು, ಮಾತಿಗೆ ಮಾತು ತೆಗೆದು ಕೇಳುವುದು ಇದನ್ನೇ: ಮಂದಿ ಎಷ್ಟು, ನೀರು ಎಷ್ಟು ದೂರ, ಹೊರುವವರು ಯಾರು. ಮಗಳ ಬಾಳು ಕೊಡದ ಕೆಳಗೇ ಸವೆಯುತ್ತದೆ ಎಂದು ಅವರಿಗೆ ಗೊತ್ತು. ಈ ಕೆಲಸಕ್ಕೆ ಎಲ್ಲರಿಗಿಂತ ನಂಬಿಗಸ್ತ ಯಾರು? ಸಾಲಿ ಮಾಸ್ತರ. ಎಷ್ಟೋ ಸಲ ಮಾಸ್ತರರನ್ನೇ ಹೀಗೆ ಕೇಳಲು ಕಳಿಸುವುದಿತ್ತು. ನಾನು ಬಗಲಲ್ಲಿ ಕಾಗದ ಬೇರೆ ಇಟ್ಟುಕೊಂಡು ತಿರುಗಿದ್ದೆ!

"ನನ್ನ ಇಬ್ಬರು ಗಂಡಮಕ್ಕಳ ಮದುವಿ ಇನ್ನೂ ಆಗಿಲ್ಲ," ಎಂದರು ಖಾಲಾ. "ನೀರಿಲ್ಲದ ಮನಿ ಅಂತ ನೀವು ಬರದ್ರ ಯಾರ ಕೊಡ್ತಾರ ಹೆಣ್ಣ?"

"ಈ ಕಾಗದ ಕಚೇರ್ಯಾಗ ಇರ್ತೈತಿ ಖಾಲಾ, ಊರೂರು ತಿರಗೂದಿಲ್ಲ."

"ಕಾಗದಕ್ಕ ಕಾಲಿಲ್ಲ, ಖರೆ. ಓದಾವ್ರಿಗೆ ಬಾಯಿ ಐತಿ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇಲ್ಲಿ ಒಂದೇ ಸುಳ್ಳನ್ನು ಇಡೀ ಓಣಿ ಹೇಳುತ್ತಿತ್ತು. ನನಗೆ ಸಿಟ್ಟು ಉಕ್ಕಿತು. ನಿಮ್ಮ ಸೊಸೆಯಂದಿರು ಬಂದ ಮೇಲೆ ಹೊರುವುದು ಏನನ್ನು, ಗಾಳಿಯನ್ನೇ, ಎಂದು ಕೂಗಾಡಿದೆ. ಮನೆಗೆ ಬಂದು ಅವ್ವನ ಮುಂದೆ ಇಡೀ ಓಣಿಯನ್ನು ಬೈದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು.

ಮರುದಿನ ಒಬ್ಬ ಮನುಷ್ಯ ನಮ್ಮ ಬಾಗಿಲಿಗೆ ಬಂದ. ಬಿಳಿ ಧೋತರ, ಕೈಯಲ್ಲಿ ಕೊಡೆ, ಸುಮಾರು ಐವತ್ತು ವಯಸ್ಸು. "ಈ ಕಡೆ ಬಾಡಿಗಿಗೆ ಖೋಲಿ ಅದಾವೇನ್ರಿ?" ಎಂದ. ಅವ್ವ ಕೂಡಿಸಿ ನೀರು ಬೆಲ್ಲ ಕೊಟ್ಟಳು. ಅವನು ಜಂತಿ ನೋಡಿದ, ಗೋಡೆ ನೋಡಿದ. ಆಮೇಲೆ ತಂಬಿಗೆ ಕೆಳಗಿಡುತ್ತಾ, "ನೀರಿನ ಅನುಕೂಲ ಹ್ಯಾಂಗ್ರಿ?" ಎಂದ.

ಆ ದಿನಗಳಲ್ಲಿ ನನಗೂ ಒಂದು ಸಂಬಂಧದ ಮಾತು ನಡೆದಿತ್ತು, ಮುದ್ದೇಬಿಹಾಳದ ಕಡೆಯದು. ಹುಡುಗಿಯನ್ನು ನೋಡಿ ಬಂದಿದ್ದೆ. ಮನಸ್ಸು ಅಲ್ಲೇ ಉಳಿದಿತ್ತು. ಅವರ ಕಡೆಯಿಂದ ಇನ್ನೂ ಹೂಂ ಬಂದಿರಲಿಲ್ಲ. ಈ ಮನುಷ್ಯನ ಚಪ್ಪಲಿಯ ಮೇಲೆ ಕೆಂಪು ಧೂಳಿದೆ, ನಮ್ಮದು ಕರಿಮಣ್ಣಿನ ಊರು. ಖೋಲಿ ಬೇಕಾದವನು ಬಾಡಿಗೆ ಎಷ್ಟು ಎಂದು ಮೊದಲು ಕೇಳಬೇಕಲ್ಲ, ನೀರನ್ನು ಯಾಕೆ ಕೇಳಿದ?

"ನೀರಿಗೇನ್ರಿ," ಎಂದಳು ಅವ್ವ, ವಾಲಿದ ಕುತ್ತಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾ. "ಬಾಗಿಲದಾಗ ಐತಿ."

ಅವನು ನನ್ನ ಕಡೆ ನೋಡಿದ. ಮಾಸ್ತರ, ನೀವೇನು ಅನ್ನುತ್ತೀರಿ ಎಂಬಂತೆ. ನಾನು ತಲೆಯಾಡಿಸಿದೆ.

ಅವನು ಹೋದ ಮೇಲೆ ನಮ್ಮ ಮನೆಯ ಕಾಗದ ತುಂಬಲು ಕೂತೆ. ಅದೊಂದೇ ಉಳಿದಿತ್ತು. ಅವ್ವ ಬಂದು ಪಕ್ಕದಲ್ಲಿ ಕೂತಳು. "ಅವರಿಗೆ ಹೇಳಿದ್ದನ್ನ ಬರಿ. ಎರಡು ಕಡೆ ಎರಡು ಮಾತು ಆಗಬಾರದು."

"ಅವ್ವಾ, ಇದು ನಿನ್ನ ಸಲುವಾಗಿ ಬರೂ ನಳಾ."

"ನನಗ ನಳಾ ಬ್ಯಾಡೋ. ಸೊಸಿ ಬೇಕು."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಇಡೀ ಓಣಿಗೆ ಬುದ್ಧಿ ಹೇಳಿದವನು ನಾನು, ದುಂಡಗಿನ ಅಕ್ಷರದಲ್ಲಿ ಬರೆದೆ: ನೀರಿಗೆ ಕೊರತೆಯಿಲ್ಲ. ಕಚೇರಿಯಲ್ಲಿ ಕಾರಕೂನರು ಕಾಗದ ತಿರುವಿ ಹಾಕಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಖರೇನ ಏನ್ರಿ ಇದು?" ಎಂದರು. ಹೌದ್ರಿ ಎಂದೆ. ದೀಪಾವಳಿಯ ಹೊತ್ತಿಗೆ ಸುದ್ದಿ ಬಂತು. ನಳ ಇನ್ನೊಂದು ಊರಿಗೆ ಹೋಗಿತ್ತು. ಅಲ್ಲಿಯವರು ಗಂಟಲು ಹರಿದುಕೊಂಡು ಅತ್ತಿದ್ದರಂತೆ. ಅವರ ಮಕ್ಕಳ ಮದುವೆ ಹೇಗಾದವೋ, ನನಗೆ ಗೊತ್ತಿಲ್ಲ.

ನನ್ನ ಮದುವೆ ಆಯಿತು. ಬಂದ ಮೂರನೆಯ ದಿನ ಹೆಂಡತಿ ಸಿಂಬೆ ತಲೆಗಿಟ್ಟುಕೊಂಡು ಅವ್ವನ ಹಿಂದೆ ಬಾವಿಗೆ ಹೋದಳು. ಅಯ್ಯೋ, ಬಾಗಿಲಲ್ಲೇ ನೀರಿದೆ ಅಂದಿದ್ದಿರಲ್ಲ ಎಂದು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ, ಅದಕ್ಕೆ ಸಂಶಯ ಬಂತು. ಆರು ತಿಂಗಳಲ್ಲಿ ಅವ್ವನಿಗೆ ಕೊಡ ಎತ್ತಲು ಆಗದಂತಾಯಿತು. ನಾಲ್ಕೂ ಕೊಡ ಇವಳ ತಲೆಗೆ ಬಂದವು. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿದೆ.

"ಮದುವಿಗಿಂತ ಮೊದಲ ನಿಮ್ಮ ಕಡಿಯಾಂವ ಒಬ್ಬ ಬಂದಿದ್ದನಲ್ಲ, ಖೋಲಿ ಕೇಳಕೊಂತ. ಅಂವ ನಿನಗೇನಾಗಬೇಕು?"

"ಯಾರ್ರಿ? ನಮ್ಮಪ್ಪ ಯಾರನ್ನೂ ಕಳಿಸಿಲ್ಲ."

"ನೀರಿಂದು ಕೇಳಿದ. ಬಾಗಿಲದಾಗ ಐತಿ ಅಂತ ಅವ್ವ ಹೇಳಿದ್ಲು."

ಅವಳು ನಕ್ಕುಬಿಟ್ಟಳು. "ಅದನ್ನ ಎಲ್ಲಾರೂ ಹೇಳ್ತಾರ್ರಿ. ಯಾರರ ನಂಬ್ತಾರೇನು? ಬಾವಿ ದೂರ ಐತಿ ಅಂತ ಗೊತ್ತಿದ್ದ ಕೊಟ್ರು ನನ್ನ. ನಿಮ್ಮ ನೌಕರಿ ನೋಡಿ ಕೊಟ್ರು."

ಪಾಪ, ಆ ಮನುಷ್ಯನಿಗೆ ನಿಜವಾಗಿಯೂ ಖೋಲಿ ಬೇಕಿತ್ತೇನೋ. ನಮ್ಮ ಓಣಿಯ ಸುಳ್ಳನ್ನು ಹೆಣ್ಣು ಕೊಡುವವರು ಯಾರೂ ನಂಬಿರಲಿಲ್ಲ. ನಂಬಿದ್ದು ಸರಕಾರ ಮಾತ್ರ. ಅವಳಿಗೆ ಕಾಗದದ ಕಥೆಯನ್ನೆಲ್ಲ ಹೇಳಿದೆ, ನಾನು ಬರೆದದ್ದನ್ನೂ ಹೇಳಿದೆ. ನಗು ನಿಂತಿತು. ತನ್ನ ಅಂಗೈ ನೋಡಿಕೊಂಡಳು. ಹಗ್ಗ ಜಗ್ಗಿ ಅವು ಒರಟಾಗಿದ್ದವು.

"ಅತ್ತಿಯವರ ಕುತ್ತಿಗಿ ಇಷ್ಟು ಕೆಡೂದರ ತಪ್ಪತಿತ್ತು," ಎಂದಳು. ಆಮೇಲೆ, "ನಾಳಿಂದ ಕೊಡಾ ನೀವ ಹೊರ್ರಿ."

ಗಂಡಸು, ಅದರಲ್ಲೂ ಮಾಸ್ತರ, ಕೊಡ ಹೊತ್ತು ಓಣಿಯಲ್ಲಿ ನಡೆಯುವುದನ್ನು ಆ ಕಾಲದಲ್ಲಿ ಯಾರೂ ಕಂಡಿರಲಿಲ್ಲ. ಅವ್ವ ಕಣ್ಣೀರು ಹಾಕಿದಳು, ಮನೆತನದ ಮರ್ಯಾದೆ ಹೋಯಿತೆಂದಳು. ನಾನು ಹೋದೆ. ಬಾವಿಯ ಹತ್ತಿರ ಹೆಂಗಸರು ಸೆರಗು ಸರಿಮಾಡಿಕೊಂಡರು. ದಾರಿ ಬಿಟ್ಟರು. ನಾನು ಹಗ್ಗ ಇಳಿಬಿಟ್ಟ ರೀತಿ ನೋಡಿ ಯಾರೋ ಕಿಸಕ್ಕೆಂದರು.

"ಹೆಂಡತಿ ಮೈಯಾಗ ಆರಾಮಿಲ್ಲೇನ್ರಿ?" ಎಂದರು ಖಾಲಾ. ಏನೋ ಜಗಳವೇ ಆಗಿರಬೇಕು ಎಂಬ ಸಂಶಯ ಎಲ್ಲರ ಕಣ್ಣಲ್ಲೂ ಇತ್ತು.

ಎಷ್ಟೋ ದಿನದಿಂದ ಒಳಗಿದ್ದದ್ದು ಆಗ ಹೊರಗೆ ಬಂತು. "ಆರಾಮ ಅದಾಳ! ನಮ್ಮ ಮನ್ಯಾಗ ನೀರಿಲ್ಲ, ಅದಕ್ಕ ಬಂದೇನಿ. ನಮ್ಮ ಓಣ್ಯಾಗ ಯಾರ ಮನ್ಯಾಗೂ ನೀರಿಲ್ಲ!" ಎಂದು ಕೂಗಿಯೇಬಿಟ್ಟೆ.

ಕಂಕುಳಲ್ಲಿ ಎರಡು ವರ್ಷದ ಕೂಸು ಎತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳು ದಡದಡ ಹತ್ತಿರ ಬಂದಳು. ಆಚೆ ಎತ್ತಿಗೆ ನೀರು ಕುಡಿಸುತ್ತಿದ್ದ ಯಾರೋ ಪರ ಊರಿನವನ ಕಡೆ ಕಣ್ಣು ಮಾಡಿ, ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು.

"ಮೆಲ್ಲಗ್ರಿ ಮಾಸ್ತರ, ಅಂವ ಕೇಳ್ಯಾನು. ನಾಳೆ ಈ ಮಗಗ ನಾವು ಹೆಣ್ಣ ತರಬೇಕು."

ನಾನು ಬಾಯಿ ಮುಚ್ಚಿಕೊಂಡು ಕೊಡ ಹೆಗಲಿಗೇರಿಸಿದೆ.