ಮೊದಲು ಓಣಿಗೆ ಹಿಟ್ಟು ಹಂಚಿ

ಮಗಳ ಮದುವೆ ಮುಗಿಸಿದ ಮೇಲೆ ಹಾನಗಲ್ಲಿನ ನಮ್ಮ ಬಳಗದಲ್ಲಿ ನಾನೇ ದೊಡ್ಡ ಸಲಹೆಗಾರ್ತಿಯಾಗಿಬಿಟ್ಟಿದ್ದೇನೆ. ಯಾರೇ ಕೇಳಲಿ, ಬಿಡದೆ ಹೇಳುತ್ತೇನೆ. ಕಲ್ಯಾಣ ಮಂಟಪದ ವೇದಿಕೆ ನೋಡಿ ಮರುಳಾಗಬೇಡಿ, ನೀರಿನ ಟಾಕಿ ನೋಡಿ. ಜವಳಿ ತೆಗೆಯಲು ಹೋಗುವಾಗ ಮದುಮಗಳಿಗೆ ಹೊಟ್ಟೆ ತುಂಬ ಉಣ್ಣಿಸಿ ಕರೆದೊಯ್ಯಿರಿ, ಹಸಿದವಳು ಯಾವ ಸೀರೆ ತೋರಿಸಿದರೂ ಹೂಂ ಅನ್ನುತ್ತಾಳೆ. ಸವಣೂರಿನ ವೀಳ್ಯದೆಲೆಯನ್ನು ಹಿಂದಿನ ದಿನ ತರಿಸಿ, ಅದಕ್ಕೂ ಮೊದಲು ಬೇಡ, ಬಾಡುತ್ತದೆ. ಇವೆಲ್ಲ ಇರಲಿ. ಎಲ್ಲಕ್ಕಿಂತ ಮೊದಲು ಓಣಿಗೆ ಹಿಟ್ಟು ಹಂಚಿ. ಮರೆತರೆ ಏನಾಗುತ್ತದೆಂದು ನನ್ನನ್ನು ಕೇಳಿ.

ನಮ್ಮ ಕಡೆ ಮದುವೆಯ ಖಡಕ್ ರೊಟ್ಟಿಯನ್ನು ಓಣಿಯ ಹೆಂಗಸರೇ ಬಡಿದು ಕೊಡುವುದು. ಮದುವೆಯವರು ಮನೆಮನೆಗೆ ಜೋಳದ ಹಿಟ್ಟು ಕೊಟ್ಟು ಬರುತ್ತಾರೆ. ಹಿಟ್ಟು ಬಂತೆಂದರೆ ಕರೆ ಬಂತು. ಕಾರ್ಡು ಆಮೇಲಿನ ಮಾತು.

ಹಿರೇಕೆರೂರಿನ ಬೀಗರು ಒಪ್ಪಿದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಆ ಗಡಿಬಿಡಿಯಲ್ಲಿ ನನ್ನ ಯಜಮಾನರು ನನ್ನನ್ನು ಒಂದು ಮಾತೂ ಕೇಳದೆ ಶಿಗ್ಗಾಂವಿಯಲ್ಲಿ ರೊಟ್ಟಿಗೆ ಆರ್ಡರ್ ಕೊಟ್ಟು ಬಂದರು.

“ನಿನಗ ತ್ರಾಸ ಆಗಬಾರದಂತ ಮಾಡೇನಿ,” ಎಂದು ಎದೆಯುಬ್ಬಿಸಿ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. “ಅಯ್ಯ, ಏನ್ ಮಾಡಿದ್ರಿ ಇದು! ಓಣ್ಯಾಗ ಗೊತ್ತಾದ್ರ ಅರಿಷಿಣ ಹಚ್ಚಾಕ ಯಾರು ಬರ್ತಾರ್ರಿ? ನೀವು ಹಚ್ತೀರೇನು?”

ಓಣಿಗೆ ಆಗಲೇ ಗೊತ್ತಾಗಿತ್ತು. ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಅವರೇ ಹೇಳಿಕೊಂಡು ಬಂದಿದ್ದರಂತೆ. ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಎದುರುಮನೆಯ ಆಯಿ ಮುಖ ತಿರುಗಿಸಿ ಒಳಗೆ ಹೋದಳು. ನಮ್ಮ ಓಣಿಯಲ್ಲಿ ಅರಿಷಿಣದ ಹಾಡು ಎತ್ತುವವಳೇ ಆ ಮುದುಕಿ. ಅವಳು ಬಾರದಿದ್ದರೆ ಉಳಿದವರೂ ಬರುವುದಿಲ್ಲ. ನನ್ನ ಮಗಳು ಹಾಡಿಲ್ಲದೆ, ಜನವಿಲ್ಲದೆ ಮಣೆಯ ಮೇಲೆ ಕೂತಿರುವುದನ್ನು ನೆನೆದು ಅಳುವೇ ಬಂತು.

ಮರುದಿನ ಬೆಳಿಗ್ಗೆಯೇ ಜೋಳ ಬೀಸಿಸಿ ತಂದು, ಹಿಟ್ಟಿನ ಬುಟ್ಟಿಯನ್ನು ಯಜಮಾನರ ತಲೆಯ ಮೇಲೆ ಹೊರಿಸಿದೆ. ಅಂಗಿಯ ಇಸ್ತ್ರಿ ಕೆಡುತ್ತದೆಂದು ಗೊಣಗಿದರು. “ಕೆಡ್ಲಿ ಬಿಡ್ರಿ, ನಡೀರಿ,” ಎಂದೆ. ಮಗಳು ನಗು ತಡೆಯಲಾರದೆ ಹಿಂದೆ ಬಂದಳು.

ಆಯಿ ಬಾಗಿಲಲ್ಲೇ ನಿಂತು ಯಜಮಾನರನ್ನು ಕೇಳಿದಳು: “ಏನಪಾ, ಶಿಗ್ಗಾಂವ್ಯಾಗ ರೊಟ್ಟಿ ತೀರಿದ್ವೇನು?”

“ತಪ್ಪಾತ ಆಯಿ. ಅಲ್ಲಿ ಬ್ಯಾಡಂತ ಫೋನ್ ಮಾಡೇನಿ. ನೀವ ಬಡಿಬೇಕು.”

“ಹಂಗಾದ್ರ ಮೊದಲನೇ ರೊಟ್ಟಿ ನೀನ ಬಡಿ. ಆಮ್ಯಾಲೆ ನೋಡೋಣಂತ.”

ಅಯ್ಯಯ್ಯೋ! ನೋಡನೋಡುತ್ತಲೇ ಓಣಿಗೆ ಓಣಿಯೇ ಆಯಿಯ ಒಲೆಯ ಸುತ್ತ ನೆರೆಯಿತು. ಚಹಾ ಕಾಸಲೂ ಬಾರದ ನನ್ನ ಗಂಡ ಕಾಲು ಮಡಚಿ ಕೂತು ಬಡಿದದ್ದೇ ಬಡಿದದ್ದು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಕು. ಹಂಚಿಗೆ ಹಾಕುವಾಗ ಅರ್ಧ ಒಲೆಗೇ ಹೋಯಿತು.

“ಬೀಗರಿಗೆ ಇದನ್ನ ಬಡಸ್ರಿ!” ಎಂದು ಒಬ್ಬಳು ಕೂಗಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಪಾತ್ರೆ ತಂದು ಹಿಟ್ಟು ತುಂಬಿಕೊಂಡರು. ಆಯಿ ನನ್ನ ಗಂಡನನ್ನು ಎಬ್ಬಿಸಿ ತಾನೇ ಒಲೆಯ ಮುಂದೆ ಕೂತಳು. ಹೋದ ಜೀವ ಬಂದಂತಾಯಿತು ನನಗೆ, ಕುಣಿಯುವುದೊಂದು ಬಾಕಿ.

“ಹಿಟ್ಟು ಬರಲಿಲ್ಲಂತ ಇಷ್ಟ ಸಿಟ್ಟೇನ ಆಯಿ?” ಎಂದು ಕೆಣಕಿದೆ.

ಆಯಿ ನಗಲಿಲ್ಲ. “ಸಿಟ್ಟಲ್ಲ ಯವ್ವಾ. ನಿನ್ನ ಮಗಳು ರೊಟ್ಟಿ ಬಡಿಯೋದು ಕಲತದ್ದು ಈ ಒಲಿ ಮುಂದ. ಹಿಟ್ಟು ಬರಲಿಲ್ಲಂದ್ರ, ಕೂಸು ನಮ್ಮದಲ್ಲಂತ ನೀ ಹೇಳಿದಂಗ ಆತು.”

ಅಷ್ಟು ಹೊತ್ತು ನಗುತ್ತಿದ್ದ ಮಗಳು ಹೋಗಿ ಆಯಿಯ ಪಕ್ಕದಲ್ಲಿ ಕೂತು, ನಾದಿದ ಹಿಟ್ಟಿನ ಉಂಡೆಯನ್ನು ಕೈಗೆತ್ತಿಕೊಂಡಳು.

“ಮದುಮಗಳು ಒಲಿ ಮುಂದ ಕೂಡಬಾರದು, ಏಳು,” ಎಂದು ಆಯಿ ಗದರಿದಳು.

“ಇದೊಂದ, ಆಯಿ,” ಎಂದಳು ಮಗಳು.

ಆಯಿ ಅವಳಿಗೆ ಜಾಗ ಬಿಟ್ಟು ಸರಿದು ಕೂತಳು.